ನಿನ್ನೆ ಏನು ಕೆಲಸ ಮಾಡಿದಿರಿ?

ಬಿ.ಇಡ್. ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂದಿತ್ತು. ಮೂರನೇ ವಾರದ ಶನಿವಾರ ಮಕ್ಕಳಿಗೆಲ್ಲ ಒಂದೊಂದು ಚೀಟಿ ಕೊಟ್ಟು, ಮುಂದೆ ಯಾವ ಕೆಲಸ ಮಾಡಬೇಕು ಅನ್ನಿಸುತ್ತದೋ ಅದನ್ನು ಬರೆಯಿರಿ ಎಂದೆ. 34 ಚೀಟಿ ಬಂದವು. ಎಲ್ಲ ಸೇರಿಸಿದರೂ ಅವುಗಳಲ್ಲಿದ್ದ ಕೆಲಸಗಳು ಆರೇ: ಡಾಕ್ಟರು, ಪೊಲೀಸು, ಟೀಚರು, ಮಿಲಿಟರಿ, ಇಂಜಿನಿಯರು, ರೈಲು ಡ್ರೈವರು. ರೈಲು ಡ್ರೈವರು ಅಂತ ಬರೆದವನು ಒಬ್ಬನೇ. ನಾಲ್ಕು ಚೀಟಿ ಖಾಲಿ.

ಅದೇ ಅವಧಿಯಲ್ಲಿ ಇನ್ನೊಂದು ಚೀಟಿ ಹಂಚಿದೆ. ನಿಮಗೆ ಗೊತ್ತಿರುವವರು, ನೀವು ಹೋಗಿ ಮಾತಾಡಿಸಬಹುದಾದವರು ಏನೇನು ಕೆಲಸ ಮಾಡುತ್ತಾರೆ? ನೆಂಟರು, ಪಕ್ಕದ ಮನೆಯವರು, ಅಂಗಡಿಯವರು, ಯಾರಾದರೂ ಸರಿ. ಈ ಸಲ ಪಟ್ಟಿ ಬೋರ್ಡಿನಲ್ಲಿ ಹಿಡಿಯಲಿಲ್ಲ. ಲೈನ್‌ಮನ್, ಕೊಬ್ಬರಿ ಮಂಡಿಯ ಗುಮಾಸ್ತ, ಆಶಾ ಕಾರ್ಯಕರ್ತೆ, ಜೆಸಿಬಿ ಓಡಿಸುವವರು, ಬ್ಲಡ್ ಟೆಸ್ಟ್ ಮಾಡುವ ಅಕ್ಕ, ಬೋರ್‌ವೆಲ್ ಮೋಟಾರ್ ಎತ್ತುವವರು, ಪಶು ಆಸ್ಪತ್ರೆಯವರು, ಬೆಂಗಳೂರಿನಲ್ಲಿ ಮೆಟ್ರೋ ಸ್ಟೇಷನ್ ಕಾಯುವ ಅಣ್ಣ, ಫೋಟೋ ಸ್ಟುಡಿಯೊ, ಅರಸೀಕೆರೆಯಲ್ಲಿ ರೈಲ್ವೆ ಕೆಲಸದ ಮಾವ. ಎಣಿಸಿದರೆ 43 ಬಗೆಯ ಕೆಲಸ.

ಈ ಎರಡು ಚೀಟಿಗಳ ನಡುವಿನ ಅಂತರವೇ ನನ್ನನ್ನು ಹಿಡಿದು ನಿಲ್ಲಿಸಿತು. ಹಳ್ಳಿಯ ಮಕ್ಕಳಿಗೆ ‘ಎಕ್ಸ್‌ಪೋಷರ್’ ಇಲ್ಲ ಎಂದು ನಾವು ಸೆಮಿನಾರುಗಳಲ್ಲಿ ಸಲೀಸಾಗಿ ಹೇಳುತ್ತೇವೆ. ಇಲ್ಲಿ 43 ಕೆಲಸಗಳ ನಡುವೆ ಓಡಾಡುವ ಮಕ್ಕಳಿದ್ದರು. ಆದರೆ ಆ ಲೈನ್‌ಮನ್ ಅಣ್ಣನನ್ನು ‘ನೀನು ಈ ಕೆಲಸಕ್ಕೆ ಹೇಗೆ ಸೇರಿದೆ’ ಎಂದು ಯಾರೂ ಕೇಳಿರಲಿಲ್ಲ. ಕರೆಂಟ್ ಹೋದಾಗ ಫೋನ್ ಮಾಡುವಷ್ಟು ಪರಿಚಯವಿತ್ತು, ಅಷ್ಟೇ. ವಕೀಲರ ಮನೆಯ ಮಗು ಊಟದ ಹೊತ್ತಿನಲ್ಲೇ ಕೋರ್ಟು, ಕಾಲೇಜು, ಪ್ರವೇಶ ಪರೀಕ್ಷೆಯ ಸುದ್ದಿ ಕೇಳಿಸಿಕೊಂಡು ಬೆಳೆಯುತ್ತದೆ. ನಮ್ಮ ತರಗತಿಯ ಒಂದೊಂದು ಮಗುವಿನ ಬಳಿಯೂ ಒಂದೆರಡು ಪರಿಚಯಗಳು ಬಿಡಿಬಿಡಿಯಾಗಿ ಇದ್ದವು. ಅವನ್ನು ಒಂದೆಡೆ ಸೇರಿಸಿದರೆ ಇಡೀ ತರಗತಿಗೆ ಆಗುವಷ್ಟಿತ್ತು.

ಕೆಲಸ ಕೊಡಿ ಎಂದು ಕೇಳಲು ಹೋಗದೆ, ಕೆಲಸದ ಬಗ್ಗೆ ತಿಳಿದುಕೊಳ್ಳಲು ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಇನ್ಫರ್ಮೇಷನಲ್ ಇಂಟರ್‌ವ್ಯೂ ಎನ್ನುತ್ತಾರೆ. ಅಮೆರಿಕದ ರಿಚರ್ಡ್ ಬೋಲ್ಸ್ ಅವರು 1970ರಲ್ಲಿ ತಾವೇ ಅಚ್ಚು ಹಾಕಿಸಿದ ‘ವಾಟ್ ಕಲರ್ ಈಸ್ ಯುವರ್ ಪ್ಯಾರಾಶೂಟ್?’ ಎಂಬ ಪುಸ್ತಕದಿಂದ ಈ ಪದ್ಧತಿ ಬಹಳ ಹರಡಿತು. ಬಿ.ಎಸ್‌ಸಿ. ಮುಗಿಸಿ ಎರಡು ವರ್ಷ ಒಂದು ಔಷಧ ತಯಾರಿಕಾ ಕಂಪನಿಯ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿದ್ದಾಗ ಈ ಪದ ನನ್ನ ಕಿವಿಗೆ ಬಿದ್ದಿತ್ತು. ಅಲ್ಲಿ ಅದು ಕಂಪನಿ ಬದಲಿಸುವವರ ಉಪಾಯ. ಒಂಬತ್ತನೇ ತರಗತಿಗೆ ಅದನ್ನು ತರುವಾಗ ಹೆಸರೇನೂ ಬೇಕಾಗಲಿಲ್ಲ. ‘ಕೆಲಸದವರನ್ನು ಮಾತಾಡಿಸಿಕೊಂಡು ಬರೋದು’ ಎಂದು ಮಕ್ಕಳೇ ಕರೆದರು.

ಏರ್ಪಾಡು ಹೀಗಿತ್ತು. ಮಾರ್ಗದರ್ಶಕ ಶಿಕ್ಷಕರು ಮುಖ್ಯೋಪಾಧ್ಯಾಯರ ಒಪ್ಪಿಗೆ ಕೊಡಿಸಿದರು. ಇಬ್ಬಿಬ್ಬರ ಜೋಡಿ. ಯಾರನ್ನು ಮಾತಾಡಿಸಬೇಕೋ ಅವರಿಗೆ ಮೊದಲೇ ಹೇಳಿ ಅವರ ಬಿಡುವಿನ ಹೊತ್ತಿಗೇ ಹೋಗಬೇಕು, ಮನೆಯಲ್ಲಿ ತಿಳಿಸಿರಬೇಕು. ಹುಡುಗಿಯರ ಜೋಡಿಗಳು ಊರಾಚೆ ಹೋಗುವುದಿದ್ದರೆ ನಾನೋ ನನ್ನ ಸಹಪ್ರಶಿಕ್ಷಣಾರ್ಥಿಯೋ ಜೊತೆಗೆ. 20 ನಿಮಿಷ ಮೀರುವ ಹಾಗಿಲ್ಲ. ‘ನಮಗೂ ಒಂದು ಕೆಲಸ ಕೊಡಿಸಿ’ ಎಂದು ಯಾರೂ ಕೇಳುವ ಹಾಗಿಲ್ಲ. ಈ ಕೊನೆಯದನ್ನು ಮಕ್ಕಳಿಗಿಂತ ಹೆಚ್ಚಾಗಿ ಅವರ ಮನೆಯವರಿಗೆ ಹೇಳಬೇಕಾಯಿತು.

ಪ್ರಶ್ನೆಗಳ ತಯಾರಿಗೆ ಎರಡು ಅವಧಿ ಹಿಡಿಯಿತು. ಮಕ್ಕಳು ಮೊದಲು ಬರೆದದ್ದು ದೂರದರ್ಶನದ ಸಂದರ್ಶನದ ಭಾಷೆ: ‘ತಮ್ಮ ವೃತ್ತಿಜೀವನದ ಅನುಭವಗಳನ್ನು ಹಂಚಿಕೊಳ್ಳುವಿರಾ?’ ತರಗತಿಯಲ್ಲೇ ಅಭ್ಯಾಸ ಮಾಡಿಸಿದೆ. ನಾನು ಕಂಪನಿಯ ಕೆಲಸಗಾರಳಾಗಿ ಕುಳಿತೆ, ಅವರು ಕೇಳಿದರು. ‘ನಿಮ್ಮ ಕೆಲಸ ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಎನ್ನುತ್ತಿದ್ದೆ, ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಮಿಸ್, ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದ್ರಿ?’ ಎಂದಳು. ಆಗ ನನಗೆ ಹೇಳಲು ನಿಜವಾಗಿ ಏನೋ ಸಿಕ್ಕಿತು: ಬಸ್ಸು, ಗೇಟಿನಲ್ಲಿ ಫೋನ್ ಒಪ್ಪಿಸುವುದು, ಬಿಳಿ ಕೋಟು, ಒಂದೇ ಮಾತ್ರೆಯ ಮೇಲೆ ಎಂಟು ಗಂಟೆ ಪರೀಕ್ಷೆ, ಪ್ರತಿ ಅಂಕಿಗೂ ಸಹಿ. ನಿನ್ನೆಯ ಬಗ್ಗೆ ಕೇಳಿದರೆ ಯಾರೂ ಭಾಷಣ ಮಾಡಲಾರರು. ಆ ಪ್ರಶ್ನೆಯನ್ನೇ ಎಲ್ಲ ಜೋಡಿಗಳೂ ಮೊದಲಿಗಿಟ್ಟುಕೊಂಡವು.

ಸಂಬಳದ ಪ್ರಶ್ನೆ ದೊಡ್ಡ ಚರ್ಚೆಯಾಯಿತು. ಕೇಳಬಾರದು, ಮರ್ಯಾದೆ ಅಲ್ಲ ಎಂದು ಅರ್ಧ ತರಗತಿ. ಅದನ್ನೇ ಕೇಳದಿದ್ದರೆ ಇನ್ನೇನು ಕೇಳುವುದು ಎಂದು ಇನ್ನರ್ಧ. ‘ನಿಮಗೆಷ್ಟು ಬರುತ್ತೆ’ ಅನ್ನುವ ಬದಲು ‘ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಎಷ್ಟು ಕೊಡಬಹುದು’ ಎಂದು ಕೇಳೋಣ ಎಂಬಲ್ಲಿಗೆ ರಾಜಿಯಾಯಿತು. ಆಮೇಲೆ ನೋಡಿದರೆ ಹೀಗೆ ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹಲವರು ತಮ್ಮದನ್ನೇ ಹೇಳಿದರು.

ಲೈನ್‌ಮನ್ ಜೊತೆ ಮಾತಾಡಿ ಬಂದ ಜೋಡಿಯ ವರದಿ ತರಗತಿಯನ್ನು ಎಚ್ಚರಿಸಿತು. ಆ ಕೆಲಸಕ್ಕೆ ಕಿರಿಯ ಪವರ್‌ಮ್ಯಾನ್ ಎನ್ನುತ್ತಾರೆ. ಆಯ್ಕೆಗೆ ಎಸ್ಸೆಸ್ಸೆಲ್ಸಿಯಲ್ಲಿ ತೆಗೆದ ಅಂಕವೇ ಆಧಾರ. ಅದರ ಜೊತೆಗೆ ಎಂಟು ಮೀಟರಿನ ಕಂಬ ಹತ್ತಿ ತೋರಿಸಬೇಕು. ಓಟ, ಸ್ಕಿಪ್ಪಿಂಗ್, ಗುಂಡು ಎಸೆತವೂ ಇರುತ್ತವೆ. ‘ಕಂಬ ಹತ್ತೋದು ದೊಡ್ಡದಲ್ಲ ಕಣ್ರೋ, ತೋಟದ ಮರ ಹತ್ತೋ ಹುಡುಗ್ರು ನೀವು. ಲೈನ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡ್ದೆ ಕೈ ಇಡದೇ ಇರೋದು ದೊಡ್ಡದು’ ಎಂದರಂತೆ ಆ ಅಣ್ಣ. ಎಸ್ಸೆಸ್ಸೆಲ್ಸಿ ಅಂಕ ಎಂದರೆ ಪಿಯುಸಿಗೆ ಸೀಟು ಸಿಗಲು ಮಾತ್ರ ಎಂದುಕೊಂಡಿದ್ದ ಹುಡುಗರು ಅಂದು ಗಣಿತದ ಶಿಕ್ಷಕರನ್ನು ಸಂಜೆ ತರಗತಿ ಮಾಡಿ ಎಂದು ಕೇಳಿದ್ದನ್ನು ನಾನು ಕಣ್ಣಾರೆ ಕಂಡೆ. ಅದು ಎಷ್ಟು ದಿನ ನಡೆಯಿತು ಎಂಬುದು ಬೇರೆ ಮಾತು.

ಮಾತಾಡಿದವರಿಗೆಲ್ಲ ಧನ್ಯವಾದದ ಕಾರ್ಡು ಬರೆಸಬೇಕೆಂಬುದು ಕನ್ನಡ ಶಿಕ್ಷಕಿಯವರ ಸಲಹೆ. ಪತ್ರಲೇಖನವೂ ಆಯಿತು, ಖರ್ಚೂ ಕಡಿಮೆ. ಅಂಚೆ ಕಾರ್ಡಿಗೆ ಈಗಲೂ 50 ಪೈಸೆ. ಕಾರ್ಡು ತರಲು ಊರಿನ ಶಾಖಾ ಅಂಚೆ ಕಚೇರಿಗೆ ಹೋದ ಇಬ್ಬರು ಹುಡುಗಿಯರು ಅರ್ಧ ಗಂಟೆ ತಡವಾಗಿ ಬಂದರು. ಅಲ್ಲಿದ್ದ ಅಕ್ಕನಿಗೂ ‘ನಿನ್ನೆ ಏನು ಮಾಡಿದ್ರಿ’ ಎಂದು ಕೇಳಿದ್ದರು! ಗ್ರಾಮೀಣ ಡಾಕ್ ಸೇವಕರ ಆಯ್ಕೆಗೆ ಲಿಖಿತ ಪರೀಕ್ಷೆ ಇಲ್ಲ, ಹತ್ತನೇ ತರಗತಿಯ ಅಂಕಗಳ ಮೇಲೆಯೇ ಪಟ್ಟಿ, ಸ್ಥಳೀಯ ಭಾಷೆ ಓದಿರಬೇಕು, ಸೈಕಲ್ ಬರಬೇಕು ಎಂಬುದೆಲ್ಲ ಆ ಅರ್ಧ ಗಂಟೆಯಲ್ಲಿ ತಿಳಿದು ಬಂದಿತ್ತು. ನಮ್ಮ ಪಟ್ಟಿಯಲ್ಲಿ ಅಂಚೆಯೇ ಇರಲಿಲ್ಲ. ಯೋಜನೆ ಹಾಕಿದ ಭೇಟಿಗಳಲ್ಲಿ ಇದರಷ್ಟು ಚೆನ್ನಾಗಿ ನಡೆದವು ಕಡಿಮೆ.

ಕೊಬ್ಬರಿ ಮಂಡಿಗೆ ಹೋದವರು ನನ್ನ ಪಾಠಕ್ಕೇ ಒಂದು ಉದಾಹರಣೆ ತಂದುಕೊಟ್ಟರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಸದ್ದಿನಿಂದ ಹೇಳುವುದನ್ನು ಗುಮಾಸ್ತರು ತೋರಿಸಿದ್ದರು. ಮರುವಾರ ‘ಶಬ್ದ’ ಅಧ್ಯಾಯ ಶುರು ಮಾಡಿದಾಗ ಶ್ರುತಿಕವೆ ಮೇಜಿನ ಮೇಲೇ ಉಳಿಯಿತು. ಮೂರು ಕಾಯಿ ಸಾಕಾದವು.

ಒಬ್ಬ ಹುಡುಗ ಯಾರ ಹೆಸರನ್ನೂ ಆರಿಸದೆ ಕೂತಿದ್ದ. ಎರಡು ದಿನದ ನಂತರ ಬಂದು, ‘ನಮ್ಮಪ್ಪನ್ನೇ ಕೇಳಬಹುದಾ ಮಿಸ್?’ ಎಂದ. ಅವರಪ್ಪ ಕಾಯಿ ಸುಲಿಯುವವರು. ಕೇಳು ಎಂದೆ. ‘ಇದರಲ್ಲೇನ್ ಬರ್ಕಳ್ತೀಯ, ಹೋಗಿ ಓದ್ಕೊ ಹೋಗು’ ಎಂದು ಅಪ್ಪ ಮೊದಲು ಗದರಿದರಂತೆ. ಆಮೇಲೆ ರಾತ್ರಿ ಊಟ ಮಾಡುತ್ತಾ ತಾವಾಗಿಯೇ ಶುರು ಮಾಡಿದ್ದಾರೆ. ನೆಲಕ್ಕೆ ನೆಟ್ಟ ಹಾರೆಗೆ ಕಾಯಿಯನ್ನು ಯಾವ ಕಡೆಯಿಂದ ಒತ್ತಬೇಕು, ಮಣಿಕಟ್ಟು ಯಾವಾಗ ನೋಯುತ್ತದೆ, ಲೆಕ್ಕ ಇಡುವವನು ನೂರಕ್ಕೊಂದು ಕಾಯಿ ಪಕ್ಕಕ್ಕಿಡುವುದು ಯಾಕೆ. ಹುಡುಗ ನಾಲ್ಕು ಪುಟ ಬರೆದಿದ್ದ. ಇದು ವೃತ್ತಿ ಮಾರ್ಗದರ್ಶನವೇ ಎಂದು ಯಾರಾದರೂ ಕೇಳಬಹುದು. ಆ ಹುಡುಗ ಆ ಕೆಲಸಕ್ಕೆ ಹೋಗಲಿ ಎಂದು ಅವರಪ್ಪನೂ ಬಯಸುವುದಿಲ್ಲ, ನಾನೂ ಬಯಸುವುದಿಲ್ಲ. ಆದರೂ ಅಷ್ಟು ಜನರ ವರದಿಗಳ ನಡುವೆ ಅಪ್ಪನ ಕೆಲಸವೊಂದೇ ಹೇಳಲಾರದ ಕೆಲಸವಾಗಿ ಉಳಿದಿದ್ದರೆ ನನ್ನ ಮನಸ್ಸಿಗೆ ಹಿಡಿಸುತ್ತಿರಲಿಲ್ಲ.

ರೈಲು ಡ್ರೈವರ್ ಆಗಬೇಕು ಎಂದು ಬರೆದ ಹುಡುಗನ ವಿಷಯ ಇದರಷ್ಟು ಹಗುರವಾಗಿರಲಿಲ್ಲ. ಅರಸೀಕೆರೆಯ ಮಾವ ಅವನ ಮಾವನಲ್ಲ, ಸಹಪಾಠಿಯ ಸೋದರಮಾವ, ಸಹಾಯಕ ಲೋಕೋ ಪೈಲಟ್. ಡ್ಯೂಟಿಯ ಹೊತ್ತು ಗೊತ್ತಾಗದ ಕೆಲಸವಾದ್ದರಿಂದ ಅವರು ಬಿಡುವಾದಾಗ ನನ್ನ ಫೋನಿಗೆ ಕರೆ ಮಾಡಿದರು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆವು. ಹತ್ತನೇ ತರಗತಿ ಆದಮೇಲೆ ಐಟಿಐ ಅಥವಾ ಡಿಪ್ಲೊಮಾ ಮಾಡಿರಬೇಕು, ಪರೀಕ್ಷೆ ಇರುತ್ತದೆ ಎಂದೆಲ್ಲ ಹೇಳಿ, ಕೊನೆಯಲ್ಲಿ, ‘ಕನ್ನಡಕ ಹಾಕ್ತೀಯೇನಪ್ಪ?’ ಎಂದು ಕೇಳಿದರು. ಹುಡುಗ ಹೌದು ಎಂದ. ಐದನೇ ತರಗತಿಯಿಂದ ಹಾಕುತ್ತಾನೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೋಕೋ ಪೈಲಟ್‌ಗೆ ಕನ್ನಡಕವಿಲ್ಲದೆಯೇ ಎರಡೂ ಕಣ್ಣು 6/6 ಇರಬೇಕು. ಎ-1 ಎಂಬ ಅತಿ ಕಠಿಣ ದರ್ಜೆಯ ವೈದ್ಯಕೀಯ ಪರೀಕ್ಷೆ ಅದು. ಲೇಸರ್ ಚಿಕಿತ್ಸೆ ಮಾಡಿಸಿಕೊಂಡವರನ್ನೂ ತೆಗೆದುಕೊಳ್ಳುವುದಿಲ್ಲ.

ಆ ಮಾತನ್ನು ಮಗುವಿಗೆ ಹೇಳಬೇಕಿತ್ತೇ ಎಂದು ಸಹಪ್ರಶಿಕ್ಷಣಾರ್ಥಿಗಳಲ್ಲಿ ಇಬ್ಬರು ನನ್ನನ್ನು ಕೇಳಿದರು. ಹದಿನಾಲ್ಕು ವರ್ಷದವನ ಆಸೆಗೆ ಅಷ್ಟು ಬೇಗ ಬಾಗಿಲು ಹಾಕಬಾರದು ಎಂಬುದು ಅವರ ವಾದ. ಹುಡುಗ ಮೂರು ದಿನ ಸಪ್ಪಗಿದ್ದದ್ದು ನಿಜ. ಆದರೆ ಐಟಿಐ ಮುಗಿಸಿ, ಪರೀಕ್ಷೆ ಪಾಸಾಗಿ, 20 ದಾಟಿದ ಮೇಲೆ ವೈದ್ಯಕೀಯ ತಪಾಸಣೆಯ ಕೊಠಡಿಯಲ್ಲಿ ಅದೇ ಮಾತು ಕೇಳುವುದಕ್ಕಿಂತ ಈಗ, ತನ್ನ ಮೇಲೆ ಅಕ್ಕರೆ ತೋರಿಸುವ ಒಬ್ಬರ ಬಾಯಿಂದ ಕೇಳುವುದು ವಾಸಿ ಎಂದು ನನಗೆ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಆ ಮಾವ ಮಾತು ಅಲ್ಲಿಗೇ ಬಿಡಲಿಲ್ಲ. ರೈಲ್ವೆಯಲ್ಲಿ ಕನ್ನಡಕ ಅಡ್ಡಿಯಾಗದ ತಾಂತ್ರಿಕ ಕೆಲಸಗಳೂ ಇವೆ, ಎಂಜಿನ್ ಮೇಲೆ ಆಸೆ ಇದ್ದರೆ ಅದನ್ನು ಬಿಚ್ಚಿ ಜೋಡಿಸುವವರೂ ಬೇಕು ಎಂದರು. ಹುಡುಗನ ನಂಬರ್ ಬರೆದುಕೊಂಡರು. ಮುಂದಿನ ವರ್ಷ ಅವನು ಮಾನವನ ಕಣ್ಣಿನ ಪಾಠದಲ್ಲಿ ಸಮೀಪದೃಷ್ಟಿಯ ಚಿತ್ರ ಬಿಡಿಸುತ್ತಾನೆ. ಆ ಪಾಠ ಮಾಡುವವರಿಗೆ ಈ ಸಂಗತಿ ಗೊತ್ತಿದ್ದರೆ ಒಳ್ಳೆಯದು ಎಂದು ಮಾರ್ಗದರ್ಶಕ ಶಿಕ್ಷಕರಿಗೆ ತಿಳಿಸಿ ಬಂದಿದ್ದೇನೆ.

ಬ್ಲಡ್ ಟೆಸ್ಟ್ ಮಾಡುವ ಅಕ್ಕನ ಬಳಿಗೆ ಹೋದದ್ದು ಚೀಟಿ ಖಾಲಿ ಬಿಟ್ಟಿದ್ದ ಒಬ್ಬ ಹುಡುಗಿ. ಓದಿನಲ್ಲಿ ಚುರುಕು. ಹತ್ತನೇ ತರಗತಿ ಆದಮೇಲೆ ಓದು ಸಾಕು ಎಂದು ಮನೆಯಲ್ಲಿ ಮಾತಾಗಿದೆ ಎಂದು ಅವಳ ಗೆಳತಿ ನನಗೆ ಹೇಳಿದ್ದಳು. ಪಟ್ಟಣದ ಆ ಪ್ರಯೋಗಾಲಯಕ್ಕೆ ನಾನೂ ಜೊತೆಗೆ ಹೋದೆ. ಆ ಅಕ್ಕ ಸೂಕ್ಷ್ಮದರ್ಶಕದಲ್ಲಿ ರಕ್ತದ ಲೇಪ ತೋರಿಸಿದರು. ತಾನು ಪ್ಯಾರಾಮೆಡಿಕಲ್ ಡಿಪ್ಲೊಮಾ ಮಾಡಿದ್ದು, ಮೊದಲ ಸಲ ಚಿಕ್ಕ ಮಗುವಿನ ರಕ್ತ ತೆಗೆಯುವಾಗ ಕೈ ನಡುಗಿದ್ದು, ವಾರಕ್ಕೆರಡು ರಾತ್ರಿ ಪಾಳಿ ಇರುವುದು, ಯಾವುದನ್ನೂ ಮುಚ್ಚಿಡದೆ ಹೇಳಿದರು. ಹುಡುಗಿ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದ್ದಾಳೆ. ಮರುದಿನ ಬೆಳಿಗ್ಗೆ ಅವರಮ್ಮ ಕೆಲಸಕ್ಕೆ ಹೋಗುವ ಮೊದಲು ಶಾಲೆಯ ಗೇಟಿಗೆ ಬಂದರು. ‘ರಾತ್ರಿ ಎಲ್ಲಾ ಅಲ್ಲೇ ಇರ್ಬೇಕಂತಲ್ಲ ಮಿಸ್ಸೇ, ಇಂಥದ್ದಕ್ಕೆ ಯಾಕೆ ಹುಡುಗಿಗೆ ಆಸೆ ಹತ್ತಿಸ್ತೀರ?’

ನಾನು ಎಷ್ಟು ಸಮಾಧಾನ ಹೇಳಿದರೂ ಅದು ನಾಲ್ಕು ತಿಂಗಳಿಗೆ ಬಂದು ಹೋಗುವವಳ ಮಾತು. ಆ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ‘ಅವರಮ್ಮನ್ನೇ ಕರ್ಕೊಂಡು ಬನ್ನಿ, ನಮ್ಮಮ್ಮನೂ ಹಿಂಗೇ ಅಂದಿದ್ರು’ ಎಂದರು. ತಿಪಟೂರು ಸಂತೆಯ ದಿನ ತಾಯಿ ಮಗಳು ಇಬ್ಬರೂ ಹೋದರು. ನಾನು ಹೋಗಲಿಲ್ಲ, ಬೇಕೆಂದೇ. ಒಳಗೆ ಏನು ಮಾತಾಯಿತು ಎಂಬುದು ನನಗೆ ಪೂರ್ತಿ ಗೊತ್ತಿಲ್ಲ. ಬಾಗಿಲಿಗೆ ಚಿಲಕ ಇದೆಯಾ, ರಾತ್ರಿ ಜೊತೆಗೆ ಇನ್ಯಾರಿರುತ್ತಾರೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಅಮ್ಮ ಕೇಳಿದರಂತೆ. ನಮ್ಮ ಮಕ್ಕಳು ಬರೆದ ಯಾವ ಪ್ರಶ್ನಾವಳಿಯಲ್ಲೂ ಇಲ್ಲದ ಪ್ರಶ್ನೆಗಳು ಅವು. ನಾನು ಶಾಲೆ ಬಿಡುವ ವಾರ ಆ ತಾಯಿ ಸಿಕ್ಕಿದಾಗ ಹೇಳಿದ್ದಿಷ್ಟೇ: ‘ಹತ್ತನೇದು ಮುಗೀಲಿ ಮಿಸ್ಸೇ, ಆಮೇಲೆ ನೋಡಾಣ.’ ಮೊದಲು ಅವರ ಮಾತಿನಲ್ಲಿ ‘ಆಮೇಲೆ’ ಇರಲಿಲ್ಲ.

ಮಕ್ಕಳನ್ನು ಕಳಿಸುತ್ತಿದ್ದ ಅದೇ ದಿನಗಳಲ್ಲಿ ನಾನೂ ಮೂವರನ್ನು ಮಾತಾಡಿಸಿದೆ. ಕಂಪನಿಯವರು ಮತ್ತೆ ಕರೆದರೆ ಹೋಗು, ಶಿಕ್ಷಕರ ನೇಮಕಾತಿಯನ್ನು ನಂಬಿ ಕೂರಬೇಡ ಎಂದು ಮನೆಯಲ್ಲಿ ಹೇಳುತ್ತಿದ್ದರು. ಬಿ.ಇಡ್. ಓದಲು ಮಾಡಿದ ಸಾಲವೂ ಇದೆ. ಶಿಕ್ಷಕ ವೃತ್ತಿಯ ಬಗ್ಗೆ ಎರಡು ವರ್ಷ ಪರೀಕ್ಷೆ ಬರೆದಿದ್ದರೂ ಶಿಕ್ಷಕರೊಬ್ಬರ ‘ನಿನ್ನೆ’ ಹೇಗಿರುತ್ತದೆ ಎಂದು ಕೂತು ಕೇಳುವ ಅವಕಾಶ ನಮ್ಮ ಪಠ್ಯಕ್ರಮದಲ್ಲಿ ಎಲ್ಲೂ ಇಲ್ಲ. ನಾವು ಅವರ ಪಾಠವನ್ನು ವೀಕ್ಷಿಸುತ್ತೇವೆ, ದಿನವನ್ನಲ್ಲ.

ಒಬ್ಬರು ಅತಿಥಿ ಶಿಕ್ಷಕರು. ನಿನ್ನೆ ಮೂರು ಪಾಠ, ಉಳಿದ ಹೊತ್ತು ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬಿಸುವ ಕೆಲಸ ಎಂದರು. ಶೈಕ್ಷಣಿಕ ವರ್ಷ ಮುಗಿದರೆ ಗೌರವಧನವೂ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಅವರು ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾರೆ. ಇನ್ನೊಬ್ಬರು ಖಾಸಗಿ ಶಾಲೆಯವರು, ದಿನಕ್ಕೆ ಏಳು ಅವಧಿ. ಮೂರನೆಯವರು ಹಳ್ಳಿ ಹಳ್ಳಿ ಸುತ್ತುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ತಮಗೆ ಪರಿಚಯವಿದ್ದ ಹಲವರು ಟಿಇಟಿ ಆಗಿಲ್ಲವೆಂದು ಹೊರಗುಳಿದದ್ದನ್ನು ಹೇಳಿ, ‘ನೇಮಕಾತಿ ಯಾವಾಗ ಅಂತ ಕೇಳಬೇಡ ತಾಯಿ, ಟಿಇಟಿ ಮಾಡಿಟ್ಕೊ’ ಎಂದರು. ಮೂವರೂ ಹೇಳಿದ್ದರಲ್ಲಿ ಹುರಿದುಂಬಿಸುವ ಮಾತು ಕಡಿಮೆ. ಮೂವರಿಗೂ ಕೊನೆಗೆ ‘ಮತ್ತೆ ಯಾಕೆ ಇದರಲ್ಲೇ ಇದ್ದೀರಿ’ ಎಂದು ಕೇಳಿದೆ. ಅತಿಥಿ ಶಿಕ್ಷಕರು ಉತ್ತರ ಕೊಡದೆ, ತಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಪಾಲಿಟೆಕ್ನಿಕ್‌ನಿಂದ ಕಳಿಸಿದ ಧ್ವನಿ ಸಂದೇಶ ಕೇಳಿಸಿದರು. ಈಗ ಟಿಇಟಿಯ ಯಾವ ಸುದ್ದಿ ಬಂದರೂ ಅವರಿಂದಲೇ ನನಗೆ ಮೊದಲು ಮೆಸೇಜು. ನಾನು ಈ ಸಲ ಬರೆಯುತ್ತಿದ್ದೇನೆ. ಕಂಪನಿಗೆ ಇಲ್ಲ ಎಂದು ಇನ್ನೂ ಹೇಳಿಲ್ಲ.

ಪಾಠ ವೀಕ್ಷಣೆಗೆ ಬಂದ ನಮ್ಮ ಉಪನ್ಯಾಸಕರು ಈ ಚಟುವಟಿಕೆಯನ್ನು ಯಾವ ಕಲಿಕಾ ಫಲದ ಕೆಳಗೆ ಬರೆಯುತ್ತೀರಿ ಎಂದು ಕೇಳಿದ್ದರು. ಶಬ್ದದ ಪಾಠ, ಪತ್ರಲೇಖನ ಎಂದು ತೋರಿಸಬಹುದು, ತೋರಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರರಂಥವರ ಬಳಿ ಕಲಿಯಬೇಕೆಂಬ ಮಾತೂ ಇದೆ. ಆದರೆ ಕಸುಬು ಕಲಿಯುವುದು ಬೇರೆ, ಕಸುಬಿನವರನ್ನು ಕೇಳುವುದು ಬೇರೆ. ಎರಡನೆಯದಕ್ಕೆ ಉಪಕರಣ, ಅನುದಾನ ಏನೂ ಬೇಡ. ಒಂದು ಶನಿವಾರ, ಜೊತೆಗೆ ಹೋಗಲು ಒಬ್ಬ ದೊಡ್ಡವರು, ಆಮೇಲೆ 50 ಪೈಸೆಯ ಕಾರ್ಡು.

43 ಕೆಲಸಗಳ ಪಟ್ಟಿಯನ್ನು ವಿಜ್ಞಾನ ಕೊಠಡಿಯ ಬಾಗಿಲ ಹಿಂದೆ ಅಂಟಿಸಿ ಬಂದಿದ್ದೇವೆ. ಪ್ರತಿ ಕೆಲಸದ ಮುಂದೆ ಅವರನ್ನು ಬಲ್ಲ ವಿದ್ಯಾರ್ಥಿಯ ಹೆಸರಿದೆ, ಫೋನ್ ನಂಬರ್ ಬೇಡವೆಂದು ಬಿಟ್ಟಿದ್ದೇವೆ. ಮಾತಾಡಿಸಿ ಆದವರ ಮುಂದೆ ಒಂದು ಗುರುತು. ಗುರುತು ಬಿದ್ದಿರುವುದು 17ಕ್ಕೆ ಮಾತ್ರ. ಕೊನೆಯಲ್ಲಿ ಬೇರೆ ಬೇರೆ ಕೈಬರಹದಲ್ಲಿ ಇನ್ನೆರಡು ಸಾಲು ಸೇರಿವೆ: ಅಂಚೆ ಅಕ್ಕ, ಮಾತ್ರೆ ಪರೀಕ್ಷೆ ಮಾಡುತ್ತಿದ್ದ ಮಿಸ್. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರಿಗೆ ಉಳಿದ 26 ಇವೆ. ಜೆಸಿಬಿಯವರು ಭಾನುವಾರ ಮಾತ್ರ ಊರಿನಲ್ಲಿರುತ್ತಾರೆ.